ಗಣಕಯಂತ್ರದ ಒಳಗೀಲುಗಳು ಎಲ್ಲಿರಬೇಕು?

ಗಣಕಯಂತ್ರದ ಪರದೆಯ ಹಿಂದೆ ಒಂದು ತಿರುಳುಂಟು. ಮೆಮೊರಿಯನ್ನು ಯಾವ ಕೆಲಸಕ್ಕೆ ಎಷ್ಟು ಹಂಚಬೇಕು, ಡಿಸ್ಕಿಗೆ ಯಾವಾಗ ಬರೆಯಬೇಕು, ಪ್ರೊಸೆಸರಿನ ಸರದಿ ಯಾರದು ಎಂಬುದನ್ನೆಲ್ಲ ನಿರ್ಣಯಿಸುವುದು ಅದೇ. ಆಪರೇಟಿಂಗ್ ಸಿಸ್ಟಂ ಎಂಬ ವ್ಯವಸ್ಥೆಯ ಈ ಗರ್ಭಭಾಗಕ್ಕೆ ಕರ್ನಲ್ ಎಂದು ಹೆಸರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಎಂಬ ಕರ್ನಲ್ಲೇ ಇಂದು ಹೊರ್ತಿಯ ನಿಂಬೆ ಬೆಳೆಗಾರನ ಜೇಬಿನೊಳಗಿನ ಆಂಡ್ರಾಯ್ಡ್ ಫೋನಿನಲ್ಲಿಯೂ ಕುಳಿತಿದೆ. ಈ ತಿರುಳಿನ ವರ್ತನೆಯನ್ನು ಹೆಚ್ಚುಕಡಿಮೆ ಮಾಡುವ ಒಳಗೀಲುಗಳು ನೂರಾರು. ಅವುಗಳನ್ನು ಬಳಕೆದಾರನಿಗೆ ಎಲ್ಲಿ, ಹೇಗೆ ತೋರಿಸಬೇಕೆಂಬುದು ಯಂತ್ರಜ್ಞರಿಗೆ ಮಾತ್ರ ಬಿಟ್ಟ ವಿಷಯವೆಂದು ಭಾಷೆಯವರು ಕೈತೊಳೆದುಕೊಂಡಿರುವುದು ಸರಿಯೆನಿಸದು.

ಎಲ್ಲವನ್ನೂ ಬಳಕೆದಾರನ ಕೈಗೆ ಒಪ್ಪಿಸಬೇಕೆಂಬವರು ಕೆಲವರು. ಎಲ್ಲವನ್ನೂ ಮುಚ್ಚಿಡಬೇಕೆಂಬವರು ಹಲವರು. ಈ ಎರಡರ ನಡುವೆ ಆಂಡ್ರಾಯ್ಡ್ ಒಂದು ವಿಚಿತ್ರವಾದ ಉಪಾಯವನ್ನು ಕಂಡುಕೊಂಡಿತು. 2012ರಿಂದೀಚೆಗೆ ಅಲ್ಲಿ ತಜ್ಞರ ಆಯ್ಕೆಗಳ ಬಾಗಿಲು ತೆರೆಯಬೇಕಾದರೆ ಬಿಲ್ಡ್ ಸಂಖ್ಯೆಯ ಮೇಲೆ ಏಳು ಸಲ ಬೆರಳೊತ್ತಬೇಕು. ಅರಿವಿಲ್ಲದವನನ್ನು ತಡೆಯಲು ಹೂಡಿದ ಈ ತಂತ್ರ, ಏಳು ಎಣಿಸಬಲ್ಲ ಬಾಲಕನನ್ನು ತಡೆಯಲಾರದು. ತಿಳಿಯಲೆಳಸುವ ಅಧ್ಯಾಪಕನಿಗೆ ಏನನ್ನೂ ತಿಳಿಸಲಾರದು.

ನಾರಾಯಣಪುರದ ಎಡದಂಡೆ ಕಾಲುವೆಯ ಇಂಡಿ ಶಾಖೆಯನ್ನು ನೆಚ್ಚಿದ ರೈತನಿಗೆ ಇದಕ್ಕಿಂತ ಹೆಚ್ಚಿನ ವಿವೇಕ ಗೊತ್ತು. ಜಲಾಶಯದ ಗೇಟು ಎಂಜಿನಿಯರರ ವಶ, ಹೊಲದ ಮಡೆ ತನ್ನ ವಶ. ಜಲಾಶಯದ ಗೇಟು ತನ್ನ ಕೈಗೆ ಬೇಕೆಂದು ಆತ ಕೇಳುವುದಿಲ್ಲ. ನೀರಿನ ಮಟ್ಟವೆಷ್ಟು, ಗೇಟು ಎಂದು ತೆರೆಯುವುದು ಎಂಬುದನ್ನು ಬಚ್ಚಿಟ್ಟರೆ ಮಾತ್ರ ಸುಮ್ಮನಿರುವುದೂ ಇಲ್ಲ. ಕಾಣುವ ಅಧಿಕಾರ ಬೇರೆ, ತಿರುಗಿಸುವ ಅಧಿಕಾರ ಬೇರೆ. ಕರ್ನಲ್ಲಿನ ಒಳಗೀಲುಗಳಿಗೂ ಈ ವಿಭಾಗವೇ ಯುಕ್ತ.

ಲಿನಕ್ಸಿನಲ್ಲಿ ತಕ್ಕಮಟ್ಟಿಗೆ ಈ ವಿಭಾಗ ಏರ್ಪಟ್ಟಿದೆ. ಪ್ರೋಕ್ ಎಂಬ ಹೆಸರಿನ ಕೋಶವೊಂದುಂಟು; ಅದರೊಳಗಿನ ಕಡತಗಳು ಡಿಸ್ಕಿನಲ್ಲಿ ಇರುವಂಥವಲ್ಲ, ಓದಹೊರಟಾಗ ಮೈದಾಳುವಂಥವು. ಅಲ್ಲಿಯ ಸಿಸ್ ಎಂಬ ಶಾಖೆಯಲ್ಲಿ ಒಂದೊಂದು ಕೀಲಿಗೂ ಒಂದೊಂದು ಕಡತ. ಬಹುಪಾಲು ಕಡತಗಳನ್ನು ಯಾರೂ ಓದಬಹುದು. ಬರೆಯುವ ಅಧಿಕಾರ ಸಾಮಾನ್ಯವಾಗಿ ಯಂತ್ರದ ಮೇಲ್ವಿಚಾರಕನಿಗೆ ಮಾತ್ರ. ಹಿಂದೆ ಇದೇ ಕೀಲುಗಳನ್ನು ಅಂಕೆಗಳಿಂದ ಕರೆಯುವ ಇನ್ನೊಂದು ಮಾರ್ಗವೂ ಇತ್ತು. ಬಳಸುವವರಿಲ್ಲದೆ ಸೊರಗಿದ ಆ ಮಾರ್ಗವನ್ನು 2020ರಲ್ಲಿ ಹೊರಬಂದ 5.5ನೆಯ ಆವೃತ್ತಿಯಿಂದ ಕಿತ್ತುಹಾಕಲಾಯಿತು. ಅಂಕೆ ಅಳಿದು ಹೆಸರು ಉಳಿದದ್ದು ಶಬ್ದಶಾಸ್ತ್ರಜ್ಞರಿಗೆ ಸಂತೋಷದ ಸಂಗತಿ.

ಆದರೆ ತೊಡಕು ಇಲ್ಲಿಗೆ ಮುಗಿಯದು. 2003ರ ಡಿಸೆಂಬರಿನಲ್ಲಿ ಬಂದ 2.6ನೆಯ ಆವೃತ್ತಿಯೊಡನೆ ಸಿಸ್‌ಎಫ್‌ಎಸ್ ಎಂಬ ಎರಡನೆಯ ಕೋಶ ಹುಟ್ಟಿತು. ಮೊದಲನೆಯದರಲ್ಲಿ ಸಂಬಂಧವಿಲ್ಲದ ವಸ್ತುಗಳು ಸಂತೆಯಂತೆ ನೆರೆದಿದ್ದುವಾದ್ದರಿಂದ ಸಾಧನಗಳ ವಿಷಯಕ್ಕೆ ಕ್ರಮಬದ್ಧವಾದ ಬೇರೆ ಮನೆ ಬೇಕೆಂಬುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ, ಪರಿಣಾಮ ಮಾತ್ರ ಇಬ್ಬಂದಿ. ಮೆಮೊರಿಯ ದೊಡ್ಡ ಪುಟಗಳ ಸಂಖ್ಯೆಯನ್ನು ಗೊತ್ತುಪಡಿಸುವ ಕೀಲು ಹಳೆಯ ಮನೆಯಲ್ಲಿದೆ. ಅಂಥ ಪುಟಗಳನ್ನು ಕರ್ನಲ್ ತಾನಾಗಿ ಒದಗಿಸಬೇಕೆ ಬೇಡವೆ ಎಂಬ ಕೀಲು ಹೊಸ ಮನೆಯಲ್ಲಿದೆ. ಮೊದಲನೆಯದನ್ನು ಶಾಶ್ವತಗೊಳಿಸಬೇಕಾದರೆ ಇಟಿಸಿ ಕೋಶದ ಸಿಸ್‌ಸಿಟಿಎಲ್ ಕಡತದಲ್ಲಿ ಬರೆಯಬೇಕು. ಎರಡನೆಯದಕ್ಕೆ ಆ ಮಾರ್ಗ ಸಲ್ಲದು. ನೇರವಾಗಿ ತಿರುಗಿಸಿದ ಕೀಲು ಯಂತ್ರವನ್ನು ಆರಿಸಿ ಹೊತ್ತಿಸಿದೊಡನೆ ಮೊದಲಿನ ಸ್ಥಿತಿಗೆ ಮರಳುವುದರಿಂದ, ನಿನ್ನೆ ಸರಿಪಡಿಸಿದ ಯಂತ್ರ ಇಂದೇಕೆ ಮತ್ತೆ ಮೊಂಡು ಹಿಡಿಯಿತೆಂದು ಅಧ್ಯಾಪಕ ತಲೆ ಕೆಡಿಸಿಕೊಳ್ಳಬೇಕು. ಒಂದು ವಿಷಯದ ಕೀಲುಗಳೆಲ್ಲ ಒಂದೆಡೆ ಇರಲೆಂದು ಕೇಳುವುದು ಅತಿಯಾಸೆಯಲ್ಲ.

ಇನ್ನು ಹೆಸರಿನ ವಿಚಾರ. ಸ್ವಾಪಿನೆಸ್ ಎಂಬ ಕೀಲಿನ ರೂಢಿಯ ಬೆಲೆ 60. ಮೆಮೊರಿ ನೂರಕ್ಕೆ 60ರಷ್ಟು ತುಂಬಿದಾಗ ಕರ್ನಲ್ ಅದರಲ್ಲಿನದನ್ನು ಡಿಸ್ಕಿಗೆ ಸಾಗಿಸತೊಡಗುತ್ತದೆಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗೆಂದೇ ಬರೆದು ಹಂಚಿಯೂ ಇದ್ದಾರೆ. ಅದು ತಪ್ಪು. ಮೆಮೊರಿ ಸಾಲದೆ ಬಂದಾಗ, ಕಾರ್ಯಕ್ರಮಗಳ ಸ್ವಂತ ಪುಟಗಳನ್ನು ಡಿಸ್ಕಿಗೆ ಸರಿಸುವುದೋ, ಕಡತಗಳಿಂದ ಓದಿಟ್ಟುಕೊಂಡ ಪುಟಗಳನ್ನು ಕೈಬಿಡುವುದೋ ಎಂಬಲ್ಲಿ ಕರ್ನಲ್ ತೋರುವ ಒಲವಿನ ಪ್ರಮಾಣ ಅದು. 100ರವರೆಗಿದ್ದ ಅದರ ಮಿತಿ 2020ರಿಂದ 200ರವರೆಗೆ ಏರಿದೆಯೆಂಬುದೇ ಅದು ಶೇಕಡಾವಾರು ಅಲ್ಲವೆಂಬುದಕ್ಕೆ ಸಾಕ್ಷಿ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರವನ್ನಷ್ಟೇ ಹೇಳಿ ನಿಲ್ಲಲಿಲ್ಲ. ತಾನೇ ವೃತ್ತಿಯನ್ನೂ ಬರೆದು, ಪ್ರಯೋಗವನ್ನೂ ಕೊಟ್ಟನು. ಕರ್ನಲ್ಲಿಗೂ ವೃತ್ತಿಯಿದೆ, ವಿಸ್ತಾರವಾಗಿಯೇ ಇದೆ. ಆದರೆ ಸೂತ್ರ ಒಂದು ಊರಿನಲ್ಲಿ, ವೃತ್ತಿ ಇನ್ನೊಂದು ಊರಿನಲ್ಲಿ. ಕೀಲು ತಿರುಗಿಸುವ ಜಾಗದಲ್ಲಿಯೇ ಅದರ ಅರ್ಥ ಕಾಣಬೇಕು.

ಅರ್ಥ ಕಾಣಬೇಕೆಂದರೆ ಯಾವ ಭಾಷೆಯಲ್ಲಿ? ಕರ್ನಲ್ ತನ್ನ ಸಂದೇಶಗಳನ್ನು ಇಂಗ್ಲಿಷಿನಲ್ಲಿಯೇ ಹೊರಡಿಸುತ್ತದೆ. ಅದರ ಸ್ವಂತ ಪರದೆಗೆ ಒಮ್ಮೆಗೆ 512ಕ್ಕಿಂತ ಹೆಚ್ಚು ಅಕ್ಷರರೂಪಗಳನ್ನು ಹೊರುವ ಶಕ್ತಿಯಿಲ್ಲ. ಒತ್ತಕ್ಷರ ಜೋಡಿಸುವ ವಿದ್ಯೆಯೂ ಅದಕ್ಕಿಲ್ಲ. ಭಟ್ಟಾಕಳಂಕನು 1604ರಲ್ಲಿ ಕನ್ನಡದ ವ್ಯಾಕರಣವನ್ನೇ ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನಾದ್ದರಿಂದ ಈ ಸ್ಥಿತಿಗೆ ಕನ್ನಡಿಗರು ತೀರ ಅಪರಿಚಿತರೇನೂ ಅಲ್ಲ! ತಿರುಳಿನ ಬಾಯಲ್ಲಿ ಕನ್ನಡ ಆಡಿಸುವ ಹಟ ಬೇಕಿಲ್ಲ. ತಿರುಳಿನ ಮೇಲಣ ಪದರದಲ್ಲಿ ಕನ್ನಡ ಸಲೀಸಾಗಿ ಮೂಡುತ್ತದೆ. ಸಾಮಾನ್ಯ ಬಳಕೆದಾರನ ಆಯ್ಕೆಗಳು ಇರಬೇಕಾದುದೂ ಅಲ್ಲಿಯೇ. ಗ್ನೋಮ್ ಎಂಬ ಮೇಲ್ಪದರದಲ್ಲಿ 2021ರಿಂದ ವಿದ್ಯುತ್ ಉಳಿತಾಯ, ಸಮತೋಲ, ಅಧಿಕ ವೇಗವೆಂಬ ಆಯ್ಕೆಗಳಿವೆ. ಬಳಕೆದಾರ ತನ್ನ ಅಗತ್ಯವನ್ನು ಹೇಳುತ್ತಾನೆ. ಕೆಳಗಿನ ಕೀಲುಗಳನ್ನು ಬಲ್ಲ ತಂತ್ರಾಂಶ ತಿರುಗಿಸುತ್ತದೆ. ಹಳೆಯ, ಕಡಿಮೆ ಮೆಮೊರಿಯ ಗಣಕವೇ ಪಾಲಿಗೆ ಬಂದ ಶಾಲೆಗೆ ಇಂಥದೇ ಒಂದು ಆಯ್ಕೆ ಅಂಕೆಗಳ ಪಟ್ಟಿಗಿಂತ ನೂರುಪಾಲು ಮೇಲು.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಈ ದಾರಿಯಲ್ಲಿ ಮುಂದಿದ್ದಾರೆ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾದ ಯೋಜನೆಯು ಶಾಲೆಗಳಿಗೆ ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನು ಸಿದ್ಧಪಡಿಸಿ ಕೊಡುತ್ತದೆ. ಆ ವಿಷಯದ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಇವೆ. ಒಂದೊಂದು ಶಾಲೆಯ ಒಬ್ಬೊಬ್ಬ ಅಧ್ಯಾಪಕ ಕತ್ತಲಲ್ಲಿ ಕೀಲು ತಡಕುವ ಬದಲು, ಒಂದೆಡೆ ಬಲ್ಲವರು ಕುಳಿತು ಹೊಂದಿಸಿ ಕಳುಹಿಸುವುದಕ್ಕೆ ಅಂಥ ಏರ್ಪಾಡಿನಲ್ಲಿ ಅವಕಾಶವುಂಟು. ವಿಜಯಪುರ ಜಿಲ್ಲೆಯ ಶಾಲೆಗಳಿಗೂ ಅದು ಅನುಕರಣೀಯ.

ಅಲ್ಲಿಯತನಕ ಒಂದು ಸಣ್ಣ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ. ಸಿಸ್‌ಸಿಟಿಎಲ್ ಕಡತದಲ್ಲಿ ಹ್ಯಾಷ್ ಚಿಹ್ನೆಯಿಂದ ಮೊದಲಾಗುವ ಸಾಲನ್ನು ಯಂತ್ರ ಓದದೆ ಬಿಡುತ್ತದೆ. ಕೀಲನ್ನು ಯಾರು, ಯಾವ ದಿನ, ಏತಕ್ಕಾಗಿ ತಿರುಗಿಸಿದರು, ಮೊದಲಿದ್ದ ಬೆಲೆಯೆಷ್ಟು ಎಂಬುದನ್ನು ಮುಂದೆ ಬರುವ ಅಧ್ಯಾಪಕನಿಗಾಗಿ ಆ ಸಾಲಿನಲ್ಲಿ ಕನ್ನಡದಲ್ಲಿಯೇ ಬರೆದಿಡಬಹುದು.