ಅರುವತ್ತು ತುಂಬಿದ ಕಾರಿಗೆ ಹೊಸ ಬ್ರೇಕು

ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬರೋಣವೆಂದು ಅಮೆರಿಕೆಗೆ ಹೋಗುವ ನಮ್ಮಂಥ ವೃದ್ಧ ದಂಪತಿಗಳಿಗೆ ಅಲ್ಲಿ ಎದುರಾಗುವ ದೊಡ್ಡ ಸಮಸ್ಯೆಯೆಂದರೆ ಹೊತ್ತು ಕಳೆಯುವುದು. ಡೆಟ್ರಾಯಿಟ್ ನಗರದ ಹೊರವಲಯದ ಆ ಬಡಾವಣೆಯಲ್ಲಿ ಹಗಲೆಲ್ಲ ನರಪಿಳ್ಳೆಯ ಸುಳಿವಿಲ್ಲ. ಅಳಿಯಂದಿರ ವಿದ್ಯುತ್ ಕಾರು ಬೆಳಗ್ಗೆ ಎಂಟಕ್ಕೆ ಬೆಕ್ಕಿನಂತೆ ಸದ್ದಿಲ್ಲದೆ ಹೊರಟಿತೆಂದರೆ, ಸಂಜೆಯವರೆಗೆ ನಾನೂ ನನ್ನಾಕೆಯೂ ಪರಸ್ಪರ ಮುಖ ನೋಡಿಕೊಂಡು ಕೂರಬೇಕು. ಹೀಗಿರುವಾಗ ಒಂದು ಶನಿವಾರ, ಕೈಯಲ್ಲಿದ್ದ ಕಾಫಿಯ ಲೋಟ ನಡುಗುವಂತೆ, ಪಕ್ಕದ ಮನೆಯಿಂದ ಒಂದು ಗರ್ಜನೆ ಕೇಳಿಬಂತು. ಏನೋ ಅನಾಹುತವಾಯಿತೆಂದು ಓಡಿಹೋಗಿ ನೋಡಿದೆ. ಕಾರಿನ ಕೊಟ್ಟಿಗೆಯ ಬಾಗಿಲು ತೆರೆದಿತ್ತು. ಒಳಗೆ ಕಡುನೀಲಿ ಬಣ್ಣದ ಉದ್ದನೆಯ ಕಾರೊಂದು ನಿಂತ ನೆಲವನ್ನೇ ಅಲುಗಾಡಿಸುತ್ತ ಉಸಿರಾಡುತ್ತಿತ್ತು. ಅದರ ಪಕ್ಕದಲ್ಲಿ ಎಪ್ಪತ್ತು ದಾಟಿದ ಯಜಮಾನರೊಬ್ಬರು, ಅವರ ಹದಿನೇಳು ವರ್ಷದ ಮೊಮ್ಮಗಳು, ಇಬ್ಬರೂ ಮೊಣಕೈವರೆಗೆ ಮಸಿ ಬಳಿದುಕೊಂಡು, ಆಗತಾನೇ ಮನೆಯಲ್ಲಿ ಮಗು ಹುಟ್ಟಿದವರಂತೆ ನಗುತ್ತಿದ್ದರು.

"ಇದು 1965ರ ಪಾಂಟಿಯಾಕ್ ಜಿ.ಟಿ.ಒ. ನಮ್ಮ ತಂದೆಯವರು ಕೊಂಡದ್ದು. ಅವರು ಇದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮೂವತ್ತು ವರ್ಷ ಹುಲ್ಲಿನ ಕಣಜದಲ್ಲಿ ಬಿದ್ದಿತ್ತು. ನಾಲ್ಕು ವರ್ಷ ದುಡಿದ ಮೇಲೆ ಇಂದು ಮೊದಲ ಸಲ ಉಸಿರೆತ್ತಿದೆ" ಎಂದರು ಯಜಮಾನರು. ಮನೆಗೆ ಬಂದು ವರದಿ ಒಪ್ಪಿಸಿದೆ. "ಪಾಪ, ಆ ಮನುಷ್ಯನಿಗೆ ಒಂದು ಹೊಸ ಕಾರು ಕೊಳ್ಳುವಷ್ಟು ಅನುಕೂಲವಿಲ್ಲವೇ?" ಎಂದು ನನ್ನಾಕೆ ಮರುಗಿದಳು.

ಅನುಕೂಲದ ಪ್ರಶ್ನೆಯಲ್ಲ. ಅಮೆರಿಕೆಯಲ್ಲಿ ಇಂಥ ಕಾರುಗಳನ್ನು 'ಮಸಲ್ ಕಾರು' ಎನ್ನುತ್ತಾರೆ. ನಾವು 'ಪೈಲ್ವಾನ ಕಾರು' ಎಂದರೆ ತಪ್ಪಾಗಲಾರದು. ಸಂಸಾರಸ್ಥರು ಕೊಳ್ಳುವ ಮಧ್ಯಮ ಗಾತ್ರದ ಸಾಧು ಕಾರಿಗೆ ದೊಡ್ಡ ಕಾರಿನ ಭಾರಿ ಎಂಜಿನನ್ನು ಕೂರಿಸಿದರೆ ಅದೇ ಮಸಲ್ ಕಾರು. ಇವುಗಳ ಹಿರಿಯಣ್ಣನೆಂದು ಬಹುಮಂದಿ ಒಪ್ಪುವುದು 1964ರ ಜಿ.ಟಿ.ಒ.ವನ್ನು. ಅದರ ಜನನದ ಕಥೆ ಸ್ವಾರಸ್ಯವಾಗಿದೆ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂದು ಜನರಲ್ ಮೋಟಾರ್ಸ್ ಕಂಪೆನಿಯ ಹಿರಿಯರು ಕಟ್ಟಳೆ ಮಾಡಿದ್ದರು. ಅದರ ಪಾಂಟಿಯಾಕ್ ವಿಭಾಗದ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು, ಹಿರಿಯರು ಚಾಪೆಯ ಕೆಳಗೆ ತೂರಿದರೆ ತಾವು ರಂಗೋಲಿಯ ಕೆಳಗೆ ತೂರುವವರು. ಟೆಂಪೆಸ್ಟ್ ಲೆಮಾನ್ಸ್ ಎಂಬ ಕಾರಿಗೆ, ಗಿರಾಕಿ ಬಯಸಿದರೆ ಸುಮಾರು 296 ಡಾಲರು ಹೆಚ್ಚಿಗೆ ಕೊಟ್ಟು ಪಡೆಯಬಹುದಾದ 'ಐಚ್ಛಿಕ ಸಲಕರಣೆ'ಯೆಂದು ಹೇಳಿ 389 ಘನ ಅಂಗುಲದ ಎಂಜಿನನ್ನು ಒಳಸೇರಿಸಿಬಿಟ್ಟರು. ಐದು ಸಾವಿರ ಕಾರು ಖರ್ಚಾದರೆ ಸಾಕೆಂದಿದ್ದವರಿಗೆ ಮೊದಲ ವರ್ಷವೇ 32,450 ಖರ್ಚಾದವು, ಮರುವರ್ಷ 75,352. ನಮ್ಮ ಕಡೆಯ ಅಳತೆಯಲ್ಲಿ ಹೇಳುವುದಾದರೆ ಆ ಎಂಜಿನು ಸುಮಾರು 6,370 ಸಿ.ಸಿ.; ಅದೇ ಕಾಲದ ನಮ್ಮ ಅಂಬಾಸಿಡರ್ ಕಾರಿನದು 1,489. 1965ರ ಮಾದರಿಯ ಶಕ್ತಿ 335 ಕುದುರೆಗಳದು.

ಪೈಲ್ವಾನನ ಯೌವನ ಬಹುಕಾಲ ಉಳಿಯಲಿಲ್ಲ. ವಿಮೆಯ ಕಂತು ಏರಿತು. 1970ರಲ್ಲಿ ವಾಯು ಶುದ್ಧಿಯ ಹೊಸ ಶಾಸನ ಬಂತು. 1973ರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆ ನಿಲ್ಲಿಸಿದವು. ಪಾಂಟಿಯಾಕ್ ಎಂಬ ಹೆಸರೇ 2010ಕ್ಕೆ ಮುಗಿಯಿತು. ಉಳಿದದ್ದು ಕಣಜಗಳಲ್ಲಿ ತುಕ್ಕು ತಿನ್ನುತ್ತಿದ್ದ ಇಂಥ ಕಾರುಗಳು, ಅವುಗಳನ್ನು ಮರೆಯಲಾರದ ಮಕ್ಕಳು.

ಅಂದಿನಿಂದ ನನ್ನ ಹೊತ್ತು ಕಳೆಯುವ ಸಮಸ್ಯೆ ಬಗೆಹರಿಯಿತು. ದಿನವೂ ಆ ಕೊಟ್ಟಿಗೆಗೆ ಹೋಗಿ ಮುಕ್ಕಾಲಿಯ ಮೇಲೆ ಕೂತು, ನಾಲ್ಕು ವರ್ಷದ ಪುರಾಣವನ್ನು ಕೇಳತೊಡಗಿದೆ. ಮೊದಲ ಪಾಠ ಬಿಚ್ಚುವುದು. ಬಿಚ್ಚುವುದು ಯಾರಿಗೂ ಬರುತ್ತದೆ, ಮತ್ತೆ ಜೋಡಿಸುವಾಗ ಯಾವ ಬೋಲ್ಟು ಎಲ್ಲಿಯದೆಂದು ನೆನಪಿರಬೇಕಲ್ಲ! ಅಜ್ಜನೂ ಮೊಮ್ಮಗಳೂ ಪ್ರತಿಯೊಂದು ಭಾಗವನ್ನು ಬಿಚ್ಚುವ ಮೊದಲು ಅದರ ಫೋಟೋ ತೆಗೆದು, ಅದರ ಬೋಲ್ಟು ನಟ್ಟುಗಳನ್ನು ಒಂದು ಚೀಲಕ್ಕೆ ಹಾಕಿ, ಮೇಲೆ ಹೆಸರು ಬರೆದು ಇಟ್ಟಿದ್ದರು. ಇಂಥ ಚೀಲಗಳು ಗೋಡೆಯುದ್ದಕ್ಕೂ ನೂರಾರು. ಚೀಟಿ ಅಂಟಿಸಿದ ಡಬ್ಬಗಳನ್ನು ಕಂಡು ನನಗೆ ನಮ್ಮ ಮನೆಯ ಸಾಂಬಾರಪುಡಿಯ ಅಲಮಾರು ನೆನಪಾಯಿತು.

ಎರಡನೆಯ ಪಾಠ ತುಕ್ಕು. ಆ ಸೀಮೆಯಲ್ಲಿ ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಲೆಂದು ಉಪ್ಪು ಸುರಿಯುತ್ತಾರೆ. ಆ ಉಪ್ಪು ನೀರು ಕಾರಿನ ತಳವನ್ನು ಗೆದ್ದಲಿನಂತೆ ತಿನ್ನುತ್ತದೆ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಒಳಗೆ ತಗಡೇ ಇರುವುದಿಲ್ಲ, ಪುಟ್ಟಿ ಮೆತ್ತಿರುತ್ತಾರೆ. ಯಜಮಾನರು ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಕಾರಿನ ಮೈಮೇಲೆಲ್ಲ ಆಡಿಸಿದ್ದರಂತೆ. ಅದು ಕಚ್ಚದ ಕಡೆ ಪುಟ್ಟಿಯೆಂದು ಅರ್ಥ. ಅಂಥ ಭಾಗಗಳನ್ನೆಲ್ಲ ಕತ್ತರಿಸಿ ತೆಗೆದು, ಹೊಸ ತಗಡನ್ನು ಬೆಸುಗೆ ಹಾಕಿದ್ದರು. ನೆಲದ ಹಾಸು ಇಡಿಯಾಗಿ ಹೊಸದು.

ಸಣ್ಣ ಕಬ್ಬಿಣದ ಭಾಗಗಳ ತುಕ್ಕು ಬಿಡಿಸಿದ ಬಗೆಯನ್ನು ಕೇಳಿ ನನ್ನಾಕೆಗೂ ಕುತೂಹಲವುಂಟಾಯಿತು. ಒಂದು ಪಾಲು ಕಾಕಂಬಿಗೆ ಹತ್ತು ಪಾಲು ನೀರು ಬೆರೆಸಿದ ಪೀಪಾಯಿಯಲ್ಲಿ ಎರಡು ಮೂರು ವಾರ ನೆನೆಹಾಕಿದರೆ ಸಾಕು. ಕಾಕಂಬಿಯಲ್ಲಿರುವ ದ್ರವ್ಯಗಳು ತುಕ್ಕಿನ ಕಬ್ಬಿಣವನ್ನು ಹಿಡಿದು ಮೆಲ್ಲಗೆ ಬಿಡಿಸಿಕೊಳ್ಳುತ್ತವೆ. ಒಳಗಿನ ಗಟ್ಟಿ ಕಬ್ಬಿಣಕ್ಕೆ ಬಾಧಕವಿಲ್ಲ. ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಅದರಲ್ಲಿ ಹಾಕಬಾರದು. "ನಾವು ಹಿತ್ತಾಳೆಗೆ ಹುಣಿಸೆಹಣ್ಣು ಹಾಕಿ ತಿಕ್ಕಿದ ಹಾಗೆ" ಎಂದಳು ಇವಳು. ನಾನು ಭಾಷಾಂತರಿಸಿ ಹೇಳಿದೆ. ಯಜಮಾನರು ಹುಣಿಸೆಹಣ್ಣಿನ ಹೆಸರನ್ನು ಗೋಡೆಯ ಹಲಗೆಯ ಮೇಲೆ ಬರೆದುಕೊಂಡರು.

ಎಂಜಿನ್ ಕೆಲಸವೆಲ್ಲ ಮನೆಯಲ್ಲಿ ಆಗುವಂಥದಲ್ಲ. ಸಿಲಿಂಡರುಗಳನ್ನು ಕೊರೆದು ಸಮಮಾಡಲು ಕಾರ್ಯಾಗಾರಕ್ಕೆ ಒಯ್ದಿದ್ದರು. ಅಲ್ಲಿಯೇ ವಾಲ್ವುಗಳು ಕೂರುವ ಜಾಗಕ್ಕೆ ಗಡಸು ಉಕ್ಕಿನ ಬಳೆಗಳನ್ನೂ ಹಾಕಿಸಿದರು. ಹಿಂದೆ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರಷ್ಟೆ. ಆ ಸೀಸವೇ ವಾಲ್ವಿನ ಪೀಠಕ್ಕೆ ರಕ್ಷಣೆಯಾಗಿತ್ತು. ಮಕ್ಕಳ ಮಿದುಳಿಗೆ ಅದು ವಿಷವೆಂದು ತಿಳಿದು, 1996ರಿಂದ ಅಮೆರಿಕೆಯ ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲನ್ನು ನಿಷೇಧಿಸಿದರು. ಕಾರು ಹಳೆಯದಾದರೂ ಕುಡಿಯುವ ಪೆಟ್ರೋಲು ಹೊಸದು. ಈ ಬದಲಾವಣೆಯನ್ನು ಯಜಮಾನರು ಯಾವ ತಕರಾರೂ ಇಲ್ಲದೆ ಒಪ್ಪಿದ್ದರು, ಏಕೆಂದರೆ ಅದು ಕಣ್ಣಿಗೆ ಬೀಳುವಂಥದಲ್ಲ.

ಇಲ್ಲಿ ವಾಚಕರಿಗೆ ಒಂದು ಮಾತು ತಿಳಿಸಬೇಕು. ಹಳೆಯ ಕಾರುಗಳನ್ನು ರಿಪೇರಿ ಮಾಡುವವರಲ್ಲಿ ಎರಡು ಪಕ್ಷಗಳುಂಟು. ಮೊದಲನೆಯದು ಮಡಿವಂತರದು. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ, ಎಂಜಿನ್ನಿನ ಅಂಕಿಯಿಂದ ಹಿಡಿದು ಮೊಳೆಯ ತಲೆಯ ಗುರುತಿನವರೆಗೆ ಎಲ್ಲವೂ ಇರಬೇಕೆನ್ನುವವರು. ಎರಡನೆಯದು ಸುಧಾರಕರದು. ಹಳೆಯ ಮೈಯೊಳಗೆ ಹೊಸ ಎಂಜಿನು, ಅಗಲವಾದ ಚಕ್ರ, ತಂಪು ಗಾಳಿಯ ಯಂತ್ರ ಎಲ್ಲವನ್ನೂ ತಮ್ಮ ಅಭಿರುಚಿಗೆ ತಕ್ಕಂತೆ ಕೂರಿಸುವವರು. ಇವರಿಬ್ಬರ ನಡುವಣ ವಾಗ್ವಾದ ನಮ್ಮ ದ್ವೈತಾದ್ವೈತಿಗಳದಕ್ಕೆ ಏನೂ ಕಡಮೆಯದಲ್ಲ. ನಮ್ಮ ಯಜಮಾನರು ಕಟ್ಟಾ ಮಡಿವಂತರು. ತಂದೆಯ ಕಾರು ತಂದೆಯ ಕಾರಾಗಿಯೇ ಉಳಿಯಬೇಕೆಂಬುದು ಅವರ ವ್ರತ.

ಆ ವ್ರತಕ್ಕೆ ಭಂಗ ಬಂದದ್ದು ನನ್ನ ಕಣ್ಣೆದುರಿಗೇ. ಎಂಜಿನ್ ಚಾಲೂ ಆದ ಮುಂದಿನ ವಾರ, ಕಾರನ್ನು ಕೊಟ್ಟಿಗೆಯಿಂದ ಹೊರಗೆ ತೆಗೆಯುವ ಗೌರವವನ್ನು ಅಜ್ಜ ಮೊಮ್ಮಗಳಿಗೆ ಕೊಟ್ಟರು. ಮನೆಯ ಮುಂದಿನ ದಾರಿ ಬೀದಿಯ ಕಡೆಗೆ ಇಳಿಜಾರು. ಹುಡುಗಿ ಹಿಂದಕ್ಕೆ ಬಿಟ್ಟಳು, ಬ್ರೇಕು ಒತ್ತಿದಳು, ಪೆಡಲು ಹಲಗೆಯವರೆಗೆ ಇಳಿದುಹೋಯಿತು. ಕಾರು ನಿಲ್ಲಲಿಲ್ಲ. "ಪಾರ್ಕಿಂಗ್ ಬ್ರೇಕು!" ಎಂದು ಅಜ್ಜ ಕೂಗಿದರು. ಅದು ಎಣ್ಣೆಯ ಹಂಗಿಲ್ಲದೆ ತಂತಿಯ ಎಳೆತದಿಂದ ಹಿಂದಿನ ಚಕ್ರಗಳನ್ನು ಹಿಡಿಯುವಂಥದು. ಹುಡುಗಿ ಗಾಬರಿಯಾಗದೆ ಅದನ್ನು ತುಳಿದಳು. ಕಾರು ಬೀದಿಯ ಅಂಚಿನ ಅಂಚೆಪೆಟ್ಟಿಗೆಯ ಕಂಬಕ್ಕೆ ತಾಗಿ ನಿಂತಿತು. ಆ ಕ್ಷಣದಲ್ಲೇ ಒಂದು ದೊಡ್ಡ ಲಾರಿ ಬೀದಿಯಲ್ಲಿ ಹಾದುಹೋಯಿತು.

ಕಾರಣ ಏನೆಂದು ಯಜಮಾನರೇ ತೋರಿಸಿದರು. ಅಂದಿನ ಬಹುಪಾಲು ಅಮೆರಿಕನ್ ಕಾರುಗಳಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಒಂದೇ ಎಣ್ಣೆಯ ಹಾದಿ. ಎಲ್ಲಿಯಾದರೂ ಒಂದು ಕಡೆ ಸೋರಿದರೆ ಒತ್ತಡವೆಲ್ಲ ಅಲ್ಲಿಂದಲೇ ಹೊರಟುಹೋಗಿ, ನಾಲ್ಕೂ ಚಕ್ರ ಕೈಬಿಡುತ್ತವೆ. ಹಿಂದಿನ ಚಕ್ರಗಳಿಗೆ ಹೋಗುವ ಉಕ್ಕಿನ ಸಣ್ಣ ಕೊಳವೆ ಮೂಲದ್ದೇ ಇತ್ತು. ಹೊರಗೆ ಚೆನ್ನಾಗಿ ಕಂಡದ್ದರಿಂದ, ಕಾರ್ಖಾನೆಯವರು ಬಾಗಿಸಿದ ಆ ಕೊಳವೆಯನ್ನು ತೆಗೆಯಲು ಅವರಿಗೆ ಮನಸ್ಸಾಗಿರಲಿಲ್ಲ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ಆ ತೇವ ಕೊಳವೆಯನ್ನು ಒಳಗಿನಿಂದಲೇ ತಿಂದಿತ್ತು. "ತಪ್ಪು ಕಾರಿನದಲ್ಲ. ಅರುವತ್ತು ವರ್ಷದ ಕೊಳವೆಯನ್ನು ನಂಬಿ ಮಗುವನ್ನು ಕೂರಿಸಿದ ನನ್ನದು" ಎಂದರು. ಮೂರು ದಿನ ಕೊಟ್ಟಿಗೆಯ ಬಾಗಿಲು ತೆರೆಯಲಿಲ್ಲ.

ನಾಲ್ಕನೆಯ ದಿನ ಅವರು ನಮ್ಮಲ್ಲಿಗೆ ಕಾಫಿಗೆ ಬಂದರು. ಕೊಳವೆಗಳನ್ನೆಲ್ಲ ಬದಲಾಯಿಸಿ, ಉಳಿದದ್ದನ್ನು ಮೊದಲಿನಂತೆಯೇ ಇಡುವುದೋ, ಅಥವಾ ಎರಡು ಹಾದಿಯ ಹೊಸ ಬ್ರೇಕು ಹಾಕಿಸಿ ತಂದೆಯ ಕಾರನ್ನು ಕೆಡಿಸುವುದೋ ಎಂಬುದು ಅವರ ಸಂಕಟ. ನಾನು ಎರಡೂ ಪಕ್ಷವನ್ನು ತೂಗಿ ದೀರ್ಘವಾಗಿ ಮಾತನಾಡಿದೆ. ಆಮೇಲೆ ನನ್ನಾಕೆ, ಅಷ್ಟು ಹೊತ್ತು ಸುಮ್ಮನಿದ್ದವಳು, ಕೇಳಿದಳು: "ನಮ್ಮತ್ತೆಯವರ ಹಿತ್ತಾಳೆ ಪಾತ್ರೆಗೆ ನಾವು ಕಲಾಯಿ ಹಾಕಿಸುವುದಿಲ್ಲವೇ? ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬಾಗಿ ಉಂಡವರಿಗೆ ವಾಂತಿಯಾಗುತ್ತದೆ. ಕಲಾಯಿ ಹಾಕಿಸಿದ ಮಾತ್ರಕ್ಕೆ ಅದು ಅತ್ತೆಯವರ ಪಾತ್ರೆಯಲ್ಲವೆಂದು ಯಾರಾದರೂ ಹೇಳುತ್ತಾರೆಯೇ? ಪಾತ್ರೆಯೂ ಉಳಿಯಬೇಕು, ಉಣ್ಣುವವರೂ ಉಳಿಯಬೇಕು."

ಕಲಾಯಿಯೆಂದರೇನೆಂದು ವಿವರಿಸಲು ನನಗೆ ಕಾಲು ಗಂಟೆ ಹಿಡಿಯಿತು. ಅವರು ತಲೆದೂಗಿ ಎದ್ದುಹೋದರು.

ಮುಂದಿನ ಎರಡು ತಿಂಗಳ ಕೆಲಸವನ್ನು ನಾನು ಹತ್ತಿರದಿಂದ ಕಂಡೆ. ಮುಂದಿನ ಚಕ್ರಗಳಿಗೆ ಒಂದು, ಹಿಂದಿನವಕ್ಕೆ ಇನ್ನೊಂದು, ಹೀಗೆ ಎರಡು ಪ್ರತ್ಯೇಕ ಹಾದಿಯುಳ್ಳ ಮಾಸ್ಟರ್ ಸಿಲಿಂಡರ್ ಬಂತು. 1967ರ ಮಾದರಿಯಿಂದ ಕಾರ್ಖಾನೆಗಳೇ ಅದನ್ನು ಹಾಕತೊಡಗಿದ್ದವು. ಮುಂದಿನ ಡ್ರಮ್ ಬ್ರೇಕುಗಳ ಬದಲು ಡಿಸ್ಕ್ ಬ್ರೇಕು, ಹೆಗಲಿಗೂ ಸೊಂಟಕ್ಕೂ ಸೇರಿದ ಸುರಕ್ಷಾ ಪಟ್ಟಿ, ಎಲ್ಲವೂ ಬಂದವು. ಈ ಕಾರು ತಯಾರಾದ 1965ರಲ್ಲಿಯೇ ರಾಲ್ಫ್ ನೇಡರ್ ಎಂಬ ತರುಣ ವಕೀಲರು ಅಮೆರಿಕೆಯ ಕಾರುಗಳ ಅಪಾಯವನ್ನು ಕುರಿತು ಪುಸ್ತಕ ಬರೆದರೆಂಬುದನ್ನೂ, ಮರುವರ್ಷವೇ ವಾಹನ ಸುರಕ್ಷತೆಯ ಶಾಸನವಾಯಿತೆಂಬುದನ್ನೂ ಮೊಮ್ಮಗಳು ಓದಿ ಅಜ್ಜನಿಗೆ ಹೇಳಿದಳು. ಹಳೆಯ ಬ್ರೇಕಿನ ಪದರದಲ್ಲಿ ಕಲ್ನಾರು ಇರುವುದರಿಂದ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸುವುದು, ಜಾಕಿನ ಮೇಲೆ ನಿಂತ ಕಾರಿನಡಿಗೆ ಕಬ್ಬಿಣದ ಕಾಲುಗಳನ್ನು ಕೊಡದೆ ನುಸುಳದಿರುವುದು, ಇವೆಲ್ಲ ಅವರ ದಿನನಿತ್ಯದ ಆಚಾರವಾಗಿತ್ತು.

ಆದರೆ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಮತ್ತೊಂದು. ತೆಗೆದ ಹಳೆಯ ಭಾಗಗಳಲ್ಲಿ ಒಂದನ್ನೂ ಅವರು ಗುಜರಿಗೆ ಹಾಕಲಿಲ್ಲ. ಎಣ್ಣೆ ಸವರಿ, ಹೆಸರು ಬರೆದು ಪೆಟ್ಟಿಗೆಯಲ್ಲಿಟ್ಟರು. ಹೊಸದನ್ನು ಕೂರಿಸಲು ಕಾರಿನ ಮೈಗೆ ಒಂದು ಹೊಸ ರಂಧ್ರವನ್ನೂ ಕೊರೆಯಲಿಲ್ಲ. ಮಾಡಿದ ಬದಲಾವಣೆಯನ್ನೆಲ್ಲ ತಾರೀಖಿನೊಡನೆ ಒಂದು ನೋಟುಬುಕ್ಕಿನಲ್ಲಿ ಬರೆದು ಕಾರಿನಲ್ಲಿಯೇ ಇಟ್ಟರು. ಇದಕ್ಕೂ ಕಾರಣವುಂಟು. 1964 ಮತ್ತು 65ರ ಜಿ.ಟಿ.ಒ.ಗಳು ಐಚ್ಛಿಕ ಸಲಕರಣೆಯ ಹೆಸರಿನಲ್ಲಿ ಹುಟ್ಟಿದವಾದ್ದರಿಂದ ಅವಕ್ಕೆ ಬೇರೆ ಕ್ರಮಸಂಖ್ಯೆಯಿಲ್ಲ. ಅದು ಬಂದದ್ದು 1966ರಿಂದ. ಆದಕಾರಣ ಸಾಧಾರಣ ಲೆಮಾನ್ಸ್ ಕಾರಿಗೆ ಜಿ.ಟಿ.ಒ. ವೇಷ ಹಾಕಿ ಹೆಚ್ಚಿನ ಬೆಲೆಗೆ ಮಾರುವವರಿದ್ದಾರೆ. ಕಾರ್ಖಾನೆಯ ಕಾಲದ ದಾಖಲೆಯ ಪ್ರತಿ ತರಿಸಿ ನೋಡಿದರಷ್ಟೇ ನಿಜ ತಿಳಿಯುವುದು. "ಬದಲಾಯಿಸುವುದು ತಪ್ಪಲ್ಲ, ಬದಲಾಯಿಸಿದ್ದನ್ನು ಮುಚ್ಚಿಡುವುದು ತಪ್ಪು. ನಾಳೆ ಇವಳು ಮೊದಲಿನಂತೆ ಮಾಡಬೇಕೆಂದರೆ ಮಾಡಿಕೊಳ್ಳಲಿ" ಎಂದರು ಯಜಮಾನರು. ಮಡಿವಂತರ ಕೋಪವೂ ಸುಧಾರಕರ ಉತ್ಸಾಹವೂ ಈ ಮಾತಿನ ಮುಂದೆ ನನಗೆ ಸಪ್ಪೆಯಾಗಿ ಕಂಡವು.

ಆ ನಾಡಿನಲ್ಲಿ 1995ರಿಂದ ಆಗಸ್ಟ್ ತಿಂಗಳಲ್ಲಿ ಒಂದು ಶನಿವಾರ, ವುಡ್‌ವರ್ಡ್ ಎಂಬ ಹೆದ್ದಾರಿಯಲ್ಲಿ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ. ರಥೋತ್ಸವಕ್ಕೆ ನೆರೆದಂತೆ ಜನ ಇಕ್ಕೆಲಗಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾವಿಬ್ಬರೂ ನೀಲಿ ಕಾರಿನ ಹಿಂದಿನ ಆಸನದಲ್ಲಿದ್ದೆವು. ಮೊಮ್ಮಗಳು ಚಕ್ರ ಹಿಡಿದಿದ್ದಳು, ಅಜ್ಜ ಪಕ್ಕದಲ್ಲಿ. ಅಲ್ಲಲ್ಲಿ ಯುವಕರು "ಇನ್ನೂ ಜೋರಾಗಿ!" ಎಂದು ಕೂಗುತ್ತಿದ್ದರು. ಅಷ್ಟರಲ್ಲಿ ಮುಂದೆ ಒಂದು ಸಣ್ಣ ಹುಡುಗ ಬಲೂನಿನ ಹಿಂದೆ ರಸ್ತೆಗೆ ಹೆಜ್ಜೆಯಿಟ್ಟ. ಹುಡುಗಿ ಬ್ರೇಕು ಒತ್ತಿದಳು. ಸುಮಾರು ಒಂದೂವರೆ ಟನ್ನಿನ ಆ ಪೈಲ್ವಾನ, ತಾಯಿ ಕರೆದ ಮಗುವಿನಂತೆ, ನಿಂತಲ್ಲಿ ನಿಂತಿತು. ಹುಡುಗನ ತಾಯಿ ಬಂದು ಅವನನ್ನು ಎಳೆದುಕೊಂಡು ಹೋದಳು. ಜನ ಇದನ್ನು ಗಮನಿಸಿದಂತೆಯೂ ಕಾಣಲಿಲ್ಲ.

ಯಜಮಾನರು ಹಿಂದಕ್ಕೆ ತಿರುಗಿ ನನ್ನಾಕೆಯನ್ನು ನೋಡಿ, ಬಹು ಪ್ರಯಾಸದಿಂದ, "ಕಲಾಯಿ" ಎಂದರು.

ಊರಿಗೆ ಮರಳಿದ ವಾರದಲ್ಲಿಯೇ ನಮ್ಮ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು ಕೆಳಗಿಳಿದಿವೆ. ಕಲಾಯಿಯವನನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಈಗಿನ ಬೆಂಗಳೂರಿನಲ್ಲಿ ಅದು ಕಾರು ರಿಪೇರಿ ಮಾಡುವುದಕ್ಕಿಂತ ಸುಲಭವಾದದ್ದೇನೂ ಅಲ್ಲ.