ರವಿಕೀರ್ತಿಯ ಹೆಮ್ಮೆ, ನಮ್ಮ ಹುಡುಗರ ಅಂಜಿಕೆ

ಗಣಿತದಲ್ಲಿ ಹಿಂದೆ ಬಿದ್ದ ಪದವಿ ವಿದ್ಯಾರ್ಥಿಗಳಿಗೆ ನಮ್ಮ ಕಾಲೇಜುಗಳು ಕೊಡುವ ಮದ್ದು ಒಂದೇ: ಭಾಷಣ. ಡಿಸೆಂಬರ್ 22ರ ಗಣಿತ ದಿನ ಬಂದರೆ ರಾಮಾನುಜನ್ ಫೋಟೊಕ್ಕೆ ಹಾರ ಹಾಕಿ, ‘ನಿಮ್ಮೊಳಗೂ ಒಬ್ಬ ರಾಮಾನುಜನ್ ಇದ್ದಾನೆ, ನಂಬಿ’ ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಮರುದಿನ ಅದೇ ಹುಡುಗ ಅದೇ ಲೆಕ್ಕದ ಎರಡನೆಯ ಹಂತದಲ್ಲಿ ಪೆನ್ನು ಕೆಳಗಿಡುತ್ತಾನೆ.

ನಂಬಿಕೆಗೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. 1994ರಲ್ಲಿ ಪಜಾರೆಸ್ ಮತ್ತು ಮಿಲ್ಲರ್ ಎಂಬ ಸಂಶೋಧಕರು ಅಮೆರಿಕದ 350 ಪದವಿ ವಿದ್ಯಾರ್ಥಿಗಳ ಅಧ್ಯಯನ ಪ್ರಕಟಿಸಿದರು. ಯಾರು ಲೆಕ್ಕ ಬಿಡಿಸುತ್ತಾರೆ ಎಂಬುದನ್ನು, ಅವರು ಹಿಂದೆ ಕಲಿತ ಗಣಿತಕ್ಕಿಂತ, ಗಂಡೋ ಹೆಣ್ಣೋ ಎಂಬುದಕ್ಕಿಂತ ಚೆನ್ನಾಗಿ ಸೂಚಿಸಿದ್ದು ‘ಇದನ್ನು ನಾನು ಬಿಡಿಸಬಲ್ಲೆ’ ಎಂಬ ನಂಬಿಕೆ. ಗಮನಿಸಿ, ‘ಇದನ್ನು’. ‘ನಾನು ಗಣಿತದಲ್ಲಿ ಜಾಣ’ ಎಂಬ ಒಟ್ಟಾರೆ ಭಾವನೆಗೆ ಅಷ್ಟು ಬಲ ಕಾಣಲಿಲ್ಲ.

ಈ ನಂಬಿಕೆ ಎಲ್ಲಿಂದ ಬರುತ್ತದೆ? ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕು ಮೂಲಗಳನ್ನು ಹೇಳಿದ: ಸ್ವತಃ ಮಾಡಿ ಗೆದ್ದದ್ದು, ನಮ್ಮಂಥವರು ಮಾಡಿದ್ದನ್ನು ಕಂಡದ್ದು, ಪರರು ತುಂಬಿದ ಧೈರ್ಯ, ನಮ್ಮದೇ ಮೈಮನಸ್ಸಿನ ಸ್ಥಿತಿ. ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ನಮ್ಮ ಕಾಲೇಜುಗಳು ಶಾಲು, ಹಾರ, ಮೈಕು ಎಂದು ಖರ್ಚು ಮಾಡುವುದು ಮೂರನೆಯದಕ್ಕೆ!

ನಮ್ಮದೇ ನೆಲದ ಸಾಕ್ಷಿ ಬೇಕಾದರೆ ಐಹೊಳೆಯ ಮೇಗುತಿ ಗುಡ್ಡ ಹತ್ತಿ. ಕ್ರಿ.ಶ. 634ರ ಶಾಸನದಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಆತ್ಮವಿಶ್ವಾಸದ ಭಾಷಣಕ್ಕೆ ಹೇಳಿ ಮಾಡಿಸಿದ ಮಾತು. ಆದರೆ ಅದು ಬರುವುದು ಪ್ರಶಸ್ತಿಯ ಕೊನೆಯ ಪದ್ಯದಲ್ಲಿ. ಅದಕ್ಕೂ ಮೊದಲು ಪುಲಕೇಶಿಯ ದಿಗ್ವಿಜಯದ ವರ್ಣನೆ ಮುಗಿದಿದೆ, ಜಿನಾಲಯ ಎದ್ದು ನಿಂತಿದೆ, ಕಾಲದ ಲೆಕ್ಕ ಕೊಟ್ಟಾಗಿದೆ: ಭಾರತ ಯುದ್ಧದಿಂದ 3735 ವರ್ಷ, ಶಕವರ್ಷ 556. ಕಳೆದು ನೋಡಿ, 3179. ಕಲಿವರ್ಷಕ್ಕೂ ಶಕವರ್ಷಕ್ಕೂ ನಮ್ಮ ಪಂಚಾಂಗಗಳು ಇಂದಿಗೂ ಇಡುವ ಅಂತರ ಅದೇ. ಲೆಕ್ಕ ತಾಳೆಯಾಗುತ್ತದೆ. ಅವನ ಹೆಮ್ಮೆಗೆ ಕೆಲಸದ ಆಧಾರವಿದೆ.

ಅದೇ ಗುಡ್ಡದ ಸುತ್ತಲಿನ ಊರುಗಳ ಮಕ್ಕಳು ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಪಿಯು ವಿಜ್ಞಾನದಲ್ಲಿ ಏಕಾಏಕಿ ಇಂಗ್ಲಿಷಿಗೆ ಬೀಳುತ್ತಾರೆ. ಪದವಿಗೆ ಬರುವ ಹೊತ್ತಿಗೆ ಅವರ ಬಾಯಲ್ಲಿ ಒಂದೇ ಮಾತು: ‘ಸರ್, ಗಣಿತ ನನ್ನ ತಲಿಗೆ ಹತ್ತಂಗಿಲ್ರಿ.’ ಈ ಮಾತು ಹುಟ್ಟುವಾಗ ತಂದದ್ದಲ್ಲ, ನಾವು ಕಲಿಸಿದ್ದು. ಪಾಠ ಮಾಡುವವನಾಗಿ ನಾನು ಕಂಡಂತೆ, ಅವರು ಎಡವುವುದು ಬಹಳ ಸಲ ಗಣಿತದಲ್ಲಲ್ಲ, ವಾಕ್ಯದಲ್ಲಿ. ಸೀಮೆಯ ವ್ಯಾಖ್ಯೆಯನ್ನೇ ತೆಗೆದುಕೊಳ್ಳಿ. ‘ಪ್ರತಿ ಬೀಗಕ್ಕೂ ಒಂದು ಕೀಲಿಕೈ ಇದೆ’ ಎನ್ನುವುದು ಬೇರೆ, ‘ಎಲ್ಲ ಬೀಗಕ್ಕೂ ಒಂದೇ ಕೀಲಿಕೈ ಇದೆ’ ಎನ್ನುವುದು ಬೇರೆ. ಎಪ್ಸಿಲಾನ್ ಬೀಗ, ಡೆಲ್ಟಾ ಕೀಲಿಕೈ. ಇಷ್ಟನ್ನು ಕನ್ನಡದಲ್ಲಿ ಹೇಳಿ, ಒಂದು ಲೆಕ್ಕ ಅವರ ಕೈಯಿಂದಲೇ ಬಿಡಿಸಿದರೆ, ಎರಡನೆಯದಕ್ಕೆ ಅವರೇ ಬೋರ್ಡಿನತ್ತ ಬರುತ್ತಾರೆ.

‘ನಿನಗೆ ಲೆಕ್ಕ ಬರೂದಿಲ್ಲ ಬಿಡು’ ಎಂದು ತರಗತಿಯಲ್ಲಿ ನಂಬಿಕೆ ಕಿತ್ತುಕೊಂಡು, ಸಭಾಂಗಣದಲ್ಲಿ ಅದನ್ನೇ ಹಂಚುವುದು ಯಾವ ನ್ಯಾಯ? ಸೋತ ವಿದ್ಯಾರ್ಥಿಗೆ ‘ನಿನಗೆ ಆತ್ಮವಿಶ್ವಾಸ ಸಾಲದು’ ಎಂದರೆ ತಪ್ಪೆಲ್ಲ ಅವನ ತಲೆಗೆ ಬಿತ್ತು. ಪಾಠ ಮಾಡದವರು, ಉತ್ತರ ಪತ್ರಿಕೆಯಲ್ಲಿ ಅಂಕ ಬಿಟ್ಟು ಬೇರೇನೂ ಬರೆಯದವರು, ಹುದ್ದೆ ಖಾಲಿ ಬಿಟ್ಟವರು ಎಲ್ಲರೂ ಪಾರು.

ವಿದ್ಯಾರ್ಥಿ ಗೆಳೆಯರೇ, ಭಾಷಣದ ಬದಲು ಇಷ್ಟು ಕೇಳಿ: ವಾರಕ್ಕೊಂದು ಗಂಟೆ ನೀವೇ ಬೋರ್ಡಿನ ಮುಂದೆ ಲೆಕ್ಕ ಬಿಡಿಸುವ ಅವಕಾಶ, ಎಡವಿದ ಹಂತವನ್ನು ಗುರುತಿಸಿ ಮರಳಿ ಕೊಟ್ಟ ಉತ್ತರ ಪತ್ರಿಕೆ, ನಿಮ್ಮೂರಿನ ಕಡೆಯಿಂದಲೇ ಬಂದು ಪಾಸಾದ ಹಿರಿಯ ವಿದ್ಯಾರ್ಥಿಯ ಜೊತೆ ಕೂತು ಕಲಿಯುವ ಒಂದು ಸಂಜೆ. ಡಿಸೆಂಬರಿನವರೆಗೆ ಕಾಯಬೇಡಿ, ಈ ಸೆಮಿಸ್ಟರಿನಲ್ಲೇ ಕೇಳಿ.