ವಾಹನ ವಿಚಾರ: ಮೀಟರಿನ ಲೆಕ್ಕ

ಕಳೆದ ಸಂಚಿಕೆಯಲ್ಲಿ ಬ್ಯಾಟರಿಯ ಆರೈಕೆಯ ಬಗ್ಗೆ ಬರೆದದ್ದನ್ನು ಓದಿ ಸಂಘದ ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿದ್ದರು. "ಬ್ಯಾಟರಿ ಸರಿಯಾಗೇ ಇದೆ ಮಾರಾಯ್ರೆ, ನನ್ನ ಕಾರಿನಲ್ಲಿ ಮೀಟರಿನ ಮುಳ್ಳೇ ಏಳುವುದಿಲ್ಲ. ಅದರ ಬಗ್ಗೆ ಬರೆಯಿರಿ" ಎಂದರು. ಬರೆಯೋಣ ಎಂದು ಹೇಳಿ ಸುಮ್ಮನಾಗಿದ್ದೆ. ಅವರ ಬಾಯಿಯ ಗುಣವೋ ಏನೋ, ಹದಿನೈದು ದಿನ ಕಳೆಯುವುದರೊಳಗೆ ನಮ್ಮ ಮನೆಯ ಕಾರಿನ ಮೀಟರ್ ಬೋರ್ಡೇ ಮಲಗಿತು.

ಅದೂ ಎಂಥ ಹೊತ್ತಿನಲ್ಲಿ! ಹದಿನಾಲ್ಕು ವರ್ಷ ದುಡಿದ ಆ ಕಾರನ್ನು ಮಾರುವುದೆಂದು ನಿಶ್ಚಯಿಸಿಯಾಗಿತ್ತು. ತಿರುವನಂತಪುರದಲ್ಲಿರುವ ನಮ್ಮ ಭಾವ ಗಿರಾಕಿಯನ್ನೂ ಗೊತ್ತುಮಾಡಿದ್ದರು. ಸಾಗರದ ಕಡೆಯ ಹುಡುಗ, ಟೆಕ್ನೋಪಾರ್ಕಿನಲ್ಲಿ ಕೆಲಸ, ಅವನಿಗೆ ಇದೇ ಮೊದಲ ಕಾರು. ಎಷ್ಟು ಓಡಿದೆ ಎಂದೂ ಕೇಳಿರಲಿಲ್ಲ. "ನಮ್ಮೋರ ಕಾರು ಅಂಕಲ್, ನೋಡೋದೇನಿದೆ?" ಎಂದು ಫೋನಿನಲ್ಲೇ ಬೆಲೆ ಒಪ್ಪಿದ್ದ. ಕಾರು ಮುಟ್ಟಿಸಲು ಒಂದು ವಾರವಿದೆ ಎನ್ನುವಾಗ ಕೊಚ್ಚಿಯಲ್ಲಿ ಮಳೆ ಹಿಡಿಯಿತು. ಒಂದು ಸಂಜೆ ವೈಟ್ಟಿಲದ ಮೇಲ್ಸೇತುವೆ ಇಳಿಯುತ್ತಿದ್ದಂತೆ ಸ್ಪೀಡೋಮೀಟರಿನ ಮುಳ್ಳು ಸೊನ್ನೆಗೆ ಬಿತ್ತು, ಪೆಟ್ರೋಲಿನ ಮುಳ್ಳೂ ಬಿತ್ತು, ಕಿಲೋಮೀಟರಿನ ಅಂಕಿ ಮಾಯವಾಯಿತು. ಡ್ಯಾಶ್‌ಬೋರ್ಡಿನ ನೆತ್ತಿಗೆ ಒಂದು ಏಟು ಹಾಕಿದೆ. ಎಲ್ಲ ಎದ್ದು ಕುಳಿತವು. ರೇಡಿಯೋ ಕಾಲದಿಂದ ನಮ್ಮ ಮನೆತನಕ್ಕೆ ಬಂದ ವಿದ್ಯೆ ಅದು. ಆದರೆ ಮೂರನೆಯ ದಿನ ಏಟಿಗೂ ಜಗ್ಗಲಿಲ್ಲ.

ಮೆಕ್ಯಾನಿಕ್ ಹುಡುಗ ಬೋರ್ಡನ್ನು ಬಿಚ್ಚಲೂ ಇಲ್ಲ. ಕೀಲಿ ತಿರುಗಿಸಿ ನೋಡಿ, "ಬೋರ್ಡ್ ಮಾಟ್ಟಣಂ ಸಾರೇ" ಎಂದುಬಿಟ್ಟ. ಪೂರ್ತಿ ಬದಲಿಸಬೇಕಂತೆ. ಆ ಮಾಡೆಲ್ ನಿಂತು ವರ್ಷಗಳಾಗಿವೆ, ಹೊಸದು ಸಿಕ್ಕಿದರೂ ಕಾರಿನ ಬೆಲೆಯ ಹತ್ತರಲ್ಲೊಂದು ಪಾಲು ಅದಕ್ಕೇ ಹೋಗುತ್ತದೆ. ಬೇಡವೆಂದರೆ ಆಕ್ರಿಕ್ಕಡ, ಅಂದರೆ ನಮ್ಮ ಗುಜರಿ ಅಂಗಡಿ, ಇದ್ದೇ ಇದೆ. ಸಂಜೆಯೊಳಗೆ ಒಂದು ಹಳೆಯ ಬೋರ್ಡನ್ನು ತಂದು ಸಿಕ್ಕಿಸಿಯೂ ತೋರಿಸಿದ. ದೀಪಗಳು ಹೊತ್ತಿದವು, ಅಂಕಿ ಮೂಡಿತು: 46,210. ನನ್ನ ಕಾರು ಓಡಿದ್ದು 1,38,000 ಚಿಲ್ಲರೆ.

"ಸಾರಿನ ಅದೃಷ್ಟ" ಎಂದು ನಕ್ಕ. "ಬೇರೆ ನಂಬರು ಬೇಕಾದರೂ ಇಡಬಹುದು. ಲ್ಯಾಪ್‌ಟಾಪ್ ಇರುವವನು ಇದ್ದಾನೆ, ಹತ್ತು ನಿಮಿಷದ ಕೆಲಸ. ಎಷ್ಟು ಬೇಕು ಹೇಳಿ."

ಹಾಲಿನವನು ಎಷ್ಟು ಲೀಟರ್ ಎಂದು ಕೇಳುವಷ್ಟು ಸಹಜವಾಗಿ ಕೇಳಿದ. ಒಂದು ಗಳಿಗೆ ನಾನೂ ಆ 46,210ನ್ನು ನೋಡುತ್ತ ನಿಂತೆ ಎಂದು ಒಪ್ಪಿಕೊಳ್ಳುತ್ತೇನೆ. ತೊಂಬತ್ತು ಸಾವಿರ ಕಿಲೋಮೀಟರು ಅಳಿಸಿಹೋದರೆ ಕಾರಿನ ಬೆಲೆ ಎಷ್ಟು ಏರುತ್ತದೆ ಎಂಬ ಲೆಕ್ಕ ತಾನಾಗಿಯೇ ತಲೆಯಲ್ಲಿ ಓಡಿತು. ಮನೆಯಲ್ಲಿ ಹೇಳಿದಾಗ ನಮ್ಮಾಕೆ ಒಂದೇ ಮಾತು ಕೇಳಿದಳು: "ಆ ಹುಡುಗ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಬೇಕು ಅಂತ ಯಾವ ನಂಬರ್ ನೋಡ್ತಾನೆ?" ಅವಳು ಡ್ರೈವಿಂಗ್ ಕಲಿಯದಿದ್ದರೂ ಈ ಅಂಕಣವನ್ನು ಓದುತ್ತಾಳೆ. ಬೆಲ್ಟು, ಗೇರ್ ಆಯಿಲ್, ಬ್ರೇಕ್ ಆಯಿಲ್ ಎಲ್ಲದರ ಲೆಕ್ಕ ಆ ಅಂಕಿಯ ಮೇಲೇ ನಿಂತಿದೆ. ಅದು ಸುಳ್ಳಾದರೆ ಬರಿಯ ದುಡ್ಡಿನ ಮೋಸವಲ್ಲ, ಹುಡುಗ ನಡುದಾರಿಯಲ್ಲಿ ಬೆಲ್ಟು ಹರಿದು ನಿಲ್ಲಬೇಕಾದೀತು. ಮರುದಿನ ಬೋರ್ಡನ್ನು ವಾಪಸು ಕೊಟ್ಟೆ.

ಇಲ್ಲಿ ಸ್ವಲ್ಪ ಒಳಗಿನ ವಿಷಯ ಹೇಳಬೇಕು. ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೊದಮೊದಲ ಮಾರುತಿ 800 ಗಳಲ್ಲಿ ಗೇರ್‌ಬಾಕ್ಸಿನಿಂದ ಮೀಟರಿಗೆ ಒಂದು ಕೇಬಲ್ ಬರುತ್ತಿತ್ತು. ಕಾರು ಓಡಿದಂತೆ ಕೇಬಲಿನ ಒಳತಂತಿ ತಿರುಗುತ್ತದೆ, ಅದರ ತುದಿಯಲ್ಲಿ ಒಂದು ಅಯಸ್ಕಾಂತ ತಿರುಗುತ್ತದೆ. ಅಯಸ್ಕಾಂತಕ್ಕೆ ತಾಗದಂತೆ ಒಂದು ಅಲ್ಯೂಮಿನಿಯಂ ಬಟ್ಟಲು, ಬಟ್ಟಲಿಗೆ ಮುಳ್ಳು, ಮುಳ್ಳನ್ನು ಹಿಂದಕ್ಕೆ ಎಳೆಯಲು ಕೂದಲೆಳೆಯಂಥ ಸ್ಪ್ರಿಂಗು. ಅಲ್ಯೂಮಿನಿಯಂಗೆ ಅಯಸ್ಕಾಂತ ಅಂಟುವುದಿಲ್ಲ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ತಿರುಗುವ ಅಯಸ್ಕಾಂತವು ಆ ಲೋಹದಲ್ಲಿ ಸುಳಿವಿದ್ಯುತ್ತನ್ನು ಹುಟ್ಟಿಸಿ ಬಟ್ಟಲನ್ನು ತನ್ನ ಜೊತೆ ಎಳೆಯುತ್ತದೆ. ವೇಗ ಹೆಚ್ಚಿದಷ್ಟೂ ಎಳೆತ ಹೆಚ್ಚು. ಜರ್ಮನಿಯ ಆಟೋ ಶುಲ್ಟ್ಸ್ ಎಂಬಾತ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಸುಮಾರು ಒಂದು ಶತಮಾನ ಕಾಲ ಲೋಕದ ಕಾರುಗಳನ್ನೆಲ್ಲ ಆಳಿತು. ಅದೇ ತಂತಿಯಿಂದ ಸಣ್ಣ ಹಲ್ಲುಚಕ್ರಗಳ ಮೂಲಕ ಕಿಲೋಮೀಟರಿನ ಅಂಕಿಗಳೂ ಉರುಳುತ್ತಿದ್ದವು.

ಇಂಥ ಕಾರು ಈಗಲೂ ಇಟ್ಟುಕೊಂಡವರಿಗೆ ರೋಗ ಪತ್ತೆ ಸುಲಭ. ಮುಳ್ಳೂ ಅಂಕಿಯೂ ಒಟ್ಟಿಗೆ ನಿಂತರೆ ಕೇಬಲ್ ತುಂಡಾಗಿದೆ, ಅಥವಾ ಗೇರ್‌ಬಾಕ್ಸಿನ ಬಳಿ ಕಳಚಿದೆ. ಮುಳ್ಳು ಸರಿಯಿದ್ದು ಅಂಕಿ ಮಾತ್ರ ನಿಂತರೆ ಒಳಗಿನ ಹಲ್ಲುಚಕ್ರ ಸವೆದಿದೆ. ಮುಳ್ಳು ಗಡಗಡ ನಡುಗಿದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಮಡಿಚಿಕೊಂಡಿದೆ. ಗ್ರೀಸ್ ಸವರಿದರೆ ಎಷ್ಟೋ ಸಲ ಸರಿಹೋಗುತ್ತದೆ. ನನಗೆ ಫೋನ್ ಮಾಡಿದ ಹಿರಿಯರೇ, ನಿಮ್ಮ ಕಾರಿನ ವಯಸ್ಸು ಗೊತ್ತಿರುವುದರಿಂದ ಹೇಳುತ್ತೇನೆ, ಮೊದಲು ಕೇಬಲ್ ನೋಡಿಸಿ.

ಈಚಿನ ಕಾರುಗಳಲ್ಲಿ ಕೇಬಲ್ ಇಲ್ಲ. ಗೇರ್‌ಬಾಕ್ಸಿನ ಅಥವಾ ಚಕ್ರದ ಬಳಿ ಇರುವ ಸೆನ್ಸರ್ ಕಳಿಸುವ ಮಿಡಿತಗಳನ್ನು ಎಣಿಸಿ, ಬೋರ್ಡಿನೊಳಗಿನ ಸಣ್ಣ ಮೋಟಾರು ಮುಳ್ಳನ್ನು ತಿರುಗಿಸುತ್ತದೆ. ಓಡಿದ ದೂರವು ಬೆರಳ ತುದಿಯಷ್ಟೂ ಇಲ್ಲದ ಒಂದು ಮೆಮೊರಿ ಚಿಪ್ಪಿನಲ್ಲಿ ಉಳಿಯುತ್ತದೆ. ಬ್ಯಾಟರಿ ತೆಗೆದರೂ ಅಳಿಯುವುದಿಲ್ಲ. ಇಲ್ಲೂ ಒಂದು ಮುಳ್ಳು ಕೆಟ್ಟರೆ ಬೋರ್ಡನ್ನು ಬೈಯಬೇಡಿ. ಪೆಟ್ರೋಲಿನ ಮುಳ್ಳು ಮಾತ್ರ ಸುಳ್ಳು ಹೇಳಿದರೆ ಬಹಳ ಸಲ ತಪ್ಪು ಟ್ಯಾಂಕಿನೊಳಗಿನ ಫ್ಲೋಟಿನದು. ವೇಗದ ಮುಳ್ಳು ಮಾತ್ರ ನಿಂತರೆ ಮೊದಲು ಸೆನ್ಸರಿನ ಕಡೆ ನೋಡಬೇಕು. ಎಲ್ಲ ಒಟ್ಟಿಗೆ ಸತ್ತರೆ ಫ್ಯೂಸು, ಅರ್ತಿಂಗ್ ತಂತಿ, ಬೋರ್ಡಿನ ಹಿಂದಿನ ಸಾಕೆಟ್ಟು, ಈ ಮೂರನ್ನು ನೋಡದೆ ಮುಂದೆ ಹೋಗಬಾರದು. ಕಡಲ ಗಾಳಿಯ ಊರಿನಲ್ಲಿ ಅರ್ತಿಂಗಿನ ಬೋಲ್ಟು ತುಕ್ಕು ಹಿಡಿಯಲು ಹೆಚ್ಚು ಕಾಲ ಬೇಡ. ಇನ್ನೊಂದು ಮಾತು: ಹಳೆಯ ಕಾರುಗಳಲ್ಲಿ ಅನೇಕಕ್ಕೆ, ಬೋರ್ಡಿನ ಮೇಲಿನ ಕೆಂಪು ಬ್ಯಾಟರಿ ದೀಪದ ಮೂಲಕ ಹಾಯುವ ಕರೆಂಟಿನಿಂದಲೇ ಆಲ್ಟರ್ನೇಟರು ಎಚ್ಚರಗೊಳ್ಳುತ್ತದೆ. ಆ ಪುಟ್ಟ ಬಲ್ಬು ಸುಟ್ಟರೆ ಬ್ಯಾಟರಿ ಚಾರ್ಜ್ ಆಗದೇ ಹೋಗಬಹುದು. ಕಳೆದ ಸಂಚಿಕೆಯಲ್ಲಿ ಇದನ್ನು ಬರೆಯಲು ಮರೆತಿದ್ದೆ.

ಗುಜರಿಯ ಬೋರ್ಡು ಹಾಕಿಸುವುದೇ ಆದರೆ ಹಿಂಬದಿ ಬಿಚ್ಚಿಸಿ ನೋಡಿ. 2018ರ ಆಗಸ್ಟ್ ಪ್ರವಾಹವನ್ನು ನಾವ್ಯಾರೂ ಮರೆತಿಲ್ಲ. ಆಲುವ, ಪರವೂರು ಕಡೆ ಕಾರುಗಳು ಮುಳುಗಿದ್ದವು, ನೆಡುಂಬಾಶ್ಶೇರಿ ವಿಮಾನ ನಿಲ್ದಾಣ ಎರಡು ವಾರ ಮುಚ್ಚಿತ್ತು. ನೀರು ಕುಡಿದ ಬೋರ್ಡು ಒಣಗಿದ ಮೇಲೆ ಕೆಲವು ತಿಂಗಳು ಚೆನ್ನಾಗಿಯೇ ನಡೆದೀತು. ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು, ಮೂಲೆಯಲ್ಲಿ ಸಣ್ಣ ಮಣ್ಣು ಕಂಡರೆ ಬಿಟ್ಟುಬಿಡಿ. ಕೆಲವು ಕಾರುಗಳಲ್ಲಿ ಕೀಲಿಯ ಗುರುತೂ ಆ ಬೋರ್ಡಿನಲ್ಲೇ ಇರುತ್ತದೆ. ಬೇರೆ ಬೋರ್ಡು ಹಾಕಿದರೆ ಇಂಜಿನ್ನು ಚಾಲೂ ಆಗುವುದೇ ಇಲ್ಲ.

ಸರಿ, ನನ್ನ ಕಥೆಗೆ ಬರುತ್ತೇನೆ. ಭಾವನಿಗೆ ಫೋನ್ ಮಾಡಿದೆ. "ಚಾಲೆ ಮಾರ್ಕೆಟಿನ ಹಿಂದೆ ಮೀಟರನ್ನೇ ರಿಪೇರಿ ಮಾಡುವ ಒಬ್ಬ ಆಶಾನ್ ಇದ್ದಾರೆ, ಹಾಗೇ ತಗೊಂಡು ಬಾ" ಎಂದರು. ಹೊರಟೆ. ಮಾಡಬಾರದ ಕೆಲಸವೆಂದು ಈಗ ಹೇಳುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ 117ನೆಯದು ಇದಕ್ಕೇ ಇದೆ: ವಾಹನದಲ್ಲಿ ವೇಗ ತೋರಿಸುವ ಮೀಟರ್ ಇರಬೇಕು, ಅದರ ತಪ್ಪು ನೂರಕ್ಕೆ ಹತ್ತನ್ನು ಮೀರಬಾರದು. 2023ರ ಜೂನ್ 5ರಿಂದ ಕೇರಳದ ರಸ್ತೆಗಳಲ್ಲಿ 726 ಕ್ಯಾಮರಾಗಳು ದಂಡದ ಕೆಲಸ ಆರಂಭಿಸಿದವು. ಅವುಗಳಲ್ಲಿ ಬಹುಪಾಲು ಹೆಲ್ಮೆಟ್ಟು, ಸೀಟ್ ಬೆಲ್ಟು ನೋಡುವಂಥವು, ವೇಗ ಅಳೆಯುವವು ಕೆಲವೇ. ಆದರೂ ಕಂಬ ಕಂಡಲ್ಲೆಲ್ಲ ನನ್ನ ಕಾಲು ಬ್ರೇಕಿನ ಮೇಲೇ ಹೋಗುತ್ತಿತ್ತು.

ವೇಗದ ಚಿಂತೆಯನ್ನು ಮೊಬೈಲಿನ ಮ್ಯಾಪು ಅಷ್ಟಿಷ್ಟು ಕಳೆಯಿತು. ನಿಜವಾದ ಭಯ ಇಂಜಿನ್ನಿನ ಬಿಸಿಯದು. ನೀರು ಕಡಿಮೆಯಾಗಿ ಇಂಜಿನ್ ಕಾದರೆ ಹೇಳುವ ಮುಳ್ಳಿಲ್ಲ, ಆಯಿಲ್ ಒತ್ತಡ ಬಿದ್ದರೆ ಹೊತ್ತುವ ದೀಪವಿಲ್ಲ. ಜ್ವರವಿದೆಯೋ ಇಲ್ಲವೋ ಹೇಳಲಾರದ ಮಗುವನ್ನು ಎತ್ತಿಕೊಂಡು ಹೋದ ಹಾಗೆ ಹೋದೆ. ಚೇರ್ತಲ, ಅಂಬಲಪುಳ, ಕಾಯಂಕುಳಂ, ಕೊಲ್ಲಂ ಎಂದು ಎಲ್ಲ ಕಡೆ ನಿಲ್ಲಿಸಿ, ಬಾನೆಟ್ ಎತ್ತಿ, ವಾಸನೆ ನೋಡಿ, ನೀರಿನ ಡಬ್ಬಿಯ ಮಟ್ಟ ಹೊರಗಿನಿಂದಲೇ ನೋಡಿ (ಕಾದ ರೇಡಿಯೇಟರಿನ ಮುಚ್ಚಳ ಯಾವ ಕಾರಣಕ್ಕೂ ತೆಗೆಯಬೇಡಿ) ಮತ್ತೆ ಹೊರಡುವುದು. ಇನ್ನೂರು ಚಿಲ್ಲರೆ ಕಿಲೋಮೀಟರಿಗೆ ಒಂಬತ್ತು ಗಂಟೆ ಹಿಡಿಯಿತು. ಅಕ್ಕ ಬಡಿಸಿಟ್ಟಿದ್ದ ಮಧ್ಯಾಹ್ನದ ಊಟವನ್ನು ರಾತ್ರಿ ಉಂಡೆ.

ಆಶಾನ್ ಅವರ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲ. ಅರವತ್ತು ದಾಟಿದವರು, ಕಣ್ಣಿಗೆ ಗಡಿಯಾರದವರ ಭೂತಗನ್ನಡಿ. ನನ್ನ ಕಥೆಯನ್ನೆಲ್ಲ ಕೇಳಿ "ಶರಿಯಾಕ್ಕಾಂ" ಎಂದರು. 1988ರ 'ವೆಳ್ಳಾನಗಳುಡೆ ನಾಡ್' ಚಿತ್ರದಲ್ಲಿ ಕುದಿರವಟ್ಟಂ ಪಪ್ಪು ರೋಡ್ ರೋಲರ್ ರಿಪೇರಿಗೆ ನಿಂತದ್ದನ್ನು ನೋಡಿದವರಿಗೆ, ಮಲಯಾಳಿ ಮೆಕ್ಯಾನಿಕ್ಕಿನ ಬಾಯಲ್ಲಿ ಆ ಮಾತು ಬಂದೊಡನೆ ಎದೆ ಝಲ್ಲೆನ್ನುತ್ತದೆ. ಇವರು ಹಾಗಲ್ಲ. ಮೊದಲು ಬ್ಯಾಟರಿಯ ಮೈನಸ್ ತಂತಿ ಕಳಚಿದರು, ನಾಲ್ಕು ಸ್ಕ್ರೂ ತೆಗೆದು ಬೋರ್ಡನ್ನು ಹೊರಗೆಳೆದರು, ಹಿಂದಿನ ಮುಚ್ಚಳ ಬಿಚ್ಚಿ ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟರು. ಸಾಕೆಟ್ಟಿನ ಕಡ್ಡಿಗಳು ಬೋರ್ಡಿಗೆ ಸೇರುವಲ್ಲಿ, ಎರಡು ಬೆಸುಗೆಗಳ ಸುತ್ತ ಉಗುರಿನ ಅಂಚಿನಂಥ ಕಪ್ಪು ಗೆರೆ. ಹದಿನಾಲ್ಕು ವರ್ಷ ಬಿಸಿಲಿಗೆ ಹಿಗ್ಗಿ, ಕುಗ್ಗಿ, ಗುಂಡಿಗಳಿಗೆ ಅದುರಿ ಬೆಸುಗೆ ಬಿರಿದಿತ್ತು. ನನ್ನ ಏಟಿಗೆ ಅದು ಕೂಡಿಕೊಳ್ಳುತ್ತಿತ್ತು, ಏಟಿನಿಂದಲೇ ಇನ್ನಷ್ಟು ಬಿರಿಯುತ್ತಲೂ ಇತ್ತು. ಹಳೆಯ ಸೀಸ ತೆಗೆದು ಹೊಸ ಬೆಸುಗೆ ಹಾಕಿ, ಅರ್ತಿಂಗಿನ ಬೋಲ್ಟನ್ನು ಉಜ್ಜಿ ಬಿಗಿಮಾಡಿದರು. ಮುಕ್ಕಾಲು ಗಂಟೆ, ಆರುನೂರು ರೂಪಾಯಿ.

"ಬೋರ್ಡೇ ಹೋಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳಿದೆ. ಎಂಟು ಕಾಲಿನ ಒಂದು ಕಪ್ಪು ಚಿಪ್ಪನ್ನು ಚಿಮಟದಿಂದ ತೋರಿಸಿ, ಇದನ್ನು ತೆಗೆದು ಬೇರೆ ಬೋರ್ಡಿಗೆ ಹಾಕಿದರೆ ನಿಮ್ಮ ಲೆಕ್ಕ ನಿಮ್ಮ ಜೊತೆಗೇ ಬರುತ್ತದೆ ಎಂದರು. ಎಲ್ಲ ಮಾಡೆಲಿನಲ್ಲೂ ಇದು ಆಗುವುದಿಲ್ಲವಂತೆ. ಅಮೆರಿಕದಲ್ಲಿ ಕಿಲೋಮೀಟರ್, ಅಲ್ಲ, ಅಲ್ಲಿ ಮೈಲಿ, ತಿರುಚುವುದನ್ನು 1972ರ ಕಾನೂನೇ ತಡೆಯಿತು. ರಿಪೇರಿಯಲ್ಲಿ ಹಳೆಯ ಅಂಕಿ ಉಳಿಸಲಾಗದಿದ್ದರೆ, ಹಿಂದಿನ ಅಂಕಿಯನ್ನೂ ತಾರೀಕನ್ನೂ ಬರೆದ ಚೀಟಿಯನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ನಮ್ಮಲ್ಲಿ ಯಾರೂ ಹೇಳದಿದ್ದರೂ ನಾವು ಅಂಟಿಸಿಕೊಳ್ಳಲು ಅಡ್ಡಿಯಿಲ್ಲ. ಬೋರ್ಡು ಬಿಚ್ಚುವ ಮೊದಲು ಅಂಕಿಯ ಫೋಟೋ, ಹಳೆಯ ಅಂಕಿ ಬರೆಸಿದ ಬಿಲ್ಲು, ಇಷ್ಟಾದರೂ ಇಟ್ಟುಕೊಳ್ಳಿ.

ಕೀಲಿ ತಿರುಗಿಸಿದಾಗ ಮೂಡಿದ ಅಂಕಿ 1,38,642. ವೈಟ್ಟಿಲದ ಆಚೆ ಕೊನೆಯ ಸಲ ಕಂಡದ್ದೂ ಅದೇ. ಆಗ ಹೊಳೆಯಿತು: ಬೋರ್ಡು ಮಲಗಿದ್ದಾಗ ಓಡಿದ ದೂರ ಎಲ್ಲೂ ದಾಖಲಾಗಿಲ್ಲ! ಕೊಚ್ಚಿಯಲ್ಲಿ ಓಡಾಡಿದ್ದು, ಇಲ್ಲಿಯವರೆಗೆ ಬಂದದ್ದು ಎಲ್ಲ ಸೇರಿ ಸುಮಾರು 270 ಕಿಲೋಮೀಟರು. ಸಂಜೆ ಹುಡುಗ ಬಂದಾಗ ನಡೆದದ್ದನ್ನೆಲ್ಲ ಹೇಳಿ, ರಸೀದಿಯ ಕೆಳಗೆ "ಮೀಟರ್ ತೋರಿಸುವುದಕ್ಕಿಂತ 270 ಕಿ.ಮೀ. ಹೆಚ್ಚು ಓಡಿದೆ" ಎಂದು ಬರೆದು ಸಹಿ ಹಾಕಿದೆ.

ಹುಡುಗ ನಕ್ಕ. ಭಾವ ನಗಲಿಲ್ಲ. ರಸೀದಿಯನ್ನು ಕನ್ನಡಕ ಏರಿಸಿ ಎರಡು ಸಲ ಓದಿ, "ಹರಿಶ್ಚಂದ್ರನ ಮೊಮ್ಮಗ ಕಣಯ್ಯ ನೀನು. ಮೀಟರಿಲ್ಲದೆ ಇಲ್ಲಿಯವರೆಗೆ ಓಡಿಸಿಕೊಂಡು ಬಂದೆನಲ್ಲ, ಅದನ್ನೂ ಬರಿ" ಎಂದರು.